ತರಗು ಬೆಂಕಿ ಬಲ್ಲವರನ್ನು ಯಾರೂ ಕೇಳುತ್ತಿಲ್ಲ

ಬೇಸಿಗೆ ಬಂತು ಅಂದರೆ ನಮ್ಮ ಚಾಮರಾಜನಗರದ ಕಡೆ ಒಂದು ಮಾತು ತಪ್ಪದೇ ಕೇಳಿಬರುತ್ತದೆ. ಎಲ್ಲೋ ಕಾಡು ಹೊತ್ತಿಕೊಂಡಿರುತ್ತದೆ, ಬಂಡೀಪುರವೋ, ಬಿಳಿಗಿರಿರಂಗನ ಬೆಟ್ಟವೋ, ಮಲೆ ಮಹದೇಶ್ವರ ಬೆಟ್ಟದ ಕಡೆಯೋ. ಯಾರು ಹಚ್ಚಿದ್ದು ಅಂತ ಗೊತ್ತಾಗುವ ಮೊದಲೇ "ಕಾಡಿನ ಜನಾನೇ ಹಚ್ಚಿರ್ತಾರೆ ಬಿಡಿ" ಅಂತ ತೀರ್ಪು ಬಂದಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ಟೀ ಅಂಗಡಿಯಲ್ಲಿ, ಓದಿಕೊಂಡವರ ಮನೆಯಲ್ಲೂ ಅದೇ ಮಾತು.

ನನಗೆ ಇದು ತುಂಬಾ ಬೇಜಾರು ತರಿಸುವ ವಿಷಯ. ಈ ಬೆಟ್ಟ ಕಾಡುಗಳ ಆದಿವಾಸಿಗಳಾದ ಸೋಲಿಗರು ತಲೆತಲಾಂತರದಿಂದ ಕಾಡಿಗೆ ಬೆಂಕಿ ಇಡುತ್ತಿದ್ದದ್ದು ನಿಜ. ಆದರೆ ಆ ಬೆಂಕಿ ಬೇರೆ, ಇವತ್ತು ಏಪ್ರಿಲ್ ತಿಂಗಳಲ್ಲಿ ಮರದ ತುದಿವರೆಗೆ ಏರಿ ಎಲ್ಲವನ್ನೂ ಬೂದಿ ಮಾಡುವ ಬೆಂಕಿ ಬೇರೆ. ಮೊದಲನೆಯದು ನಿಂತು ಹೋದದ್ದೇ ಎರಡನೆಯದಕ್ಕೆ ದಾರಿ ಮಾಡಿದ ಕಾರಣಗಳಲ್ಲಿ ಒಂದು ಅಂತ ಪೋಡಿನ, ಅಂದರೆ ಸೋಲಿಗರ ಊರಿನ, ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹವಾಮಾನ ಬದಲಾವಣೆ ಬಗ್ಗೆ ಇಷ್ಟೊಂದು ಸಭೆ ನಡೆಯುವ ಈ ಕಾಲದಲ್ಲಿ ಅವರ ಮಾತನ್ನು ಸರಿಯಾಗಿ ಕೂತು ಕೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಬೆಂಕಿ ಏನು ಅಂತ ಹೇಳಿಬಿಡುತ್ತೇನೆ. ಸೋಲಿಗರು ಅದನ್ನು ತರಗು ಬೆಂಕಿ ಅನ್ನುತ್ತಾರೆ. ಎಲೆ ಉದುರುವ ಕಾಡಿನಲ್ಲಿ ಚಳಿಗಾಲ ಮುಗಿಯುತ್ತಾ ಬಂದ ಹಾಗೆ ನೆಲದ ಮೇಲೆ ತರಗೆಲೆ ಹಾಸಿಕೊಳ್ಳುತ್ತದೆ. ಜನವರಿ, ಫೆಬ್ರವರಿ ಶುರುವಿನಲ್ಲಿ ಆ ತರಗು ಇನ್ನೂ ಪೂರ್ತಿ ಒಣಗಿರುವುದಿಲ್ಲ. ರಾತ್ರಿ ಇಬ್ಬನಿ ಬೀಳುತ್ತಿರುತ್ತದೆ, ನೆಲದ ಒಳಗೆ ಹಿಂದಿನ ಮಳೆಯ ತೇವ ಒಂದಿಷ್ಟು ಉಳಿದಿರುತ್ತದೆ, ಗಾಳಿಯೂ ಜೋರಿರುವುದಿಲ್ಲ. ಆಗ ಇಟ್ಟ ಬೆಂಕಿ ಮೇಲಕ್ಕೆ ಏರುವುದಿಲ್ಲ. ತರಗನ್ನು, ಒಣ ಹುಲ್ಲನ್ನು ಮೇಯುತ್ತಾ ನೆಲದ ಮೇಲೆಯೇ ನಿಧಾನಕ್ಕೆ ಸಾಗುತ್ತದೆ. ದೊಡ್ಡ ಮರದ ಬುಡಕ್ಕೆ ಬಂದರೆ ತೊಗಟೆ ಸ್ವಲ್ಪ ಕಪ್ಪಾಗುತ್ತದೆ, ಅಷ್ಟೇ. ಹಳ್ಳದ ಹಸಿರು ಸಿಕ್ಕರೆ ನಿಲ್ಲುತ್ತದೆ. ಇಲ್ಲದಿದ್ದರೆ ಸಂಜೆ ತಂಪಾದ ಮೇಲೆ ತಾನಾಗಿಯೇ ನಂದುತ್ತದೆ.

ಎಲ್ಲಾ ಕಾಡಿಗೂ ಇದನ್ನು ಇಡುವುದಿಲ್ಲ. ಇದು ಮುಖ್ಯ. ಬಿಳಿಗಿರಿರಂಗನ ಬೆಟ್ಟ ಒಂದೇ ಥರದ ಕಾಡಲ್ಲ. ತಪ್ಪಲಲ್ಲಿ ಕುರುಚಲು, ಸ್ವಲ್ಪ ಮೇಲೆ ಎಲೆ ಉದುರುವ ಕಾಡು, ಇನ್ನೂ ಮೇಲೆ ಹೋದರೆ ವರ್ಷವಿಡೀ ಹಸಿರಾಗಿರುವ ಕಾಡು, ಅದರ ಪಕ್ಕದಲ್ಲೇ ಹುಲ್ಲಿನ ಬೋಳು ಗುಡ್ಡ. ನಾವು ಎಲ್ಲವನ್ನೂ ಸುಮ್ನೆ ಕಾಡು ಅಂದುಬಿಡುತ್ತೇವೆ. ಸೋಲಿಗರಿಗೆ ಮಲೆ ಕಾಡು ಬೇರೆ, ಕಾನು ಕಾಡು ಬೇರೆ, ನಾಡು ಕಾಡು ಬೇರೆ. ಯಾವುದರಲ್ಲಿ ಬೆಂಕಿ ಇಡಬಹುದು, ಯಾವುದರ ಹತ್ತಿರವೂ ಬೆಂಕಿ ಸುಳಿಯಬಾರದು, ಯಾವ ಇಳಿಜಾರಲ್ಲಿ ಮೇಲಿಂದ ಕೆಳಕ್ಕೆ ಇಡಬೇಕು, ಇದೆಲ್ಲ ಅವರು ಕಾಡಿನಲ್ಲಿ ಓಡಾಡುತ್ತಾ ಹಿರಿಯರ ಹಿಂದೆ ನಡೆದು ಕಲಿತದ್ದು.

ಒಬ್ಬರು ಹಿರಿಯರನ್ನು ಕೇಳಿದ್ದೆ, "ತಾತ, ಬೆಂಕಿ ಇಡೋವಾಗ ಏನು ನೋಡ್ತಿದ್ರಿ?" ಅಂತ. "ಹಚ್ಚೋದೇನು, ಯಾರ್ ಬೇಕಾದ್ರೂ ಹಚ್ತಾರೆ ಕನಪ್ಪ. ಎಲ್ಲಿ ನಿಲ್ತದೆ ಅಂತ ಮೊದ್ಲು ನೋಡ್ಕಬೇಕು. ತರಗು ಕೈಯಾಗ್ ಹಿಡ್ದು ಮುರುದ್ರೆ ಗೊತ್ತಾಯ್ತದೆ," ಅಂದರು. ಎಲೆಯನ್ನು ಕೈಯಲ್ಲಿ ಮುರಿದು ಅದರಲ್ಲಿ ಎಷ್ಟು ತೇವ ಇದೆ ಅಂತ ನೋಡುವುದು. ಕಾಡ್ಗಿಚ್ಚಿನ ಬಗ್ಗೆ ಓದಿದವರು ಉರುವಲಿನ ತೇವಾಂಶ ಅಂತ ಉಪಕರಣ ಇಟ್ಟು ಅಳೆಯುತ್ತಾರಲ್ಲ, ಅದೇ ಕೆಲಸ.

ಈ ಬೆಂಕಿಯಿಂದ ಆಗುತ್ತಿದ್ದ ಲಾಭ ಒಂದೆರಡಲ್ಲ. ಕಾಡು ನಡೆದಾಡುವ ಹಾಗೆ ಇರುತ್ತಿತ್ತು. ಉಣ್ಣಿ ಕಾಟ ಕಡಿಮೆ ಇರುತ್ತಿತ್ತು. ಮೊದಲ ಮಳೆ ಬಿದ್ದ ಕೂಡಲೇ ಎಳೆ ಹುಲ್ಲು ಚಿಗುರಿ ಕಾಟಿ, ಕಡವೆ, ಜಿಂಕೆಗೆ ಮೇವಾಗುತ್ತಿತ್ತು. ನೂರೆ ಅನ್ನುವ ಕಾಡು ಗೆಣಸಿನ ಬಳ್ಳಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತಿತ್ತು. ತರಗು ವರ್ಷ ವರ್ಷ ರಾಶಿ ಬೀಳುತ್ತಿರಲಿಲ್ಲ, ಹಾಗಾಗಿ ಬೇಸಿಗೆ ನಡುವಲ್ಲಿ ಎಲ್ಲಿಂದಲೋ ಕಿಡಿ ಬಿದ್ದರೂ ಉರಿಯಲು ಅಲ್ಲಿ ಏನೂ ಜಾಸ್ತಿ ಇರುತ್ತಿರಲಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿದ್ದು. ನೆಲ್ಲಿ ಮರಕ್ಕೆ ಒಂದು ಬಂದಣಿಕೆ ಹತ್ತುತ್ತದೆ, ಸೋಲಿಗರು ಉಪ್ಪಿಲು ಅನ್ನುತ್ತಾರೆ. ಅದರ ಹಣ್ಣನ್ನು ಪುಟ್ಟ ಹಕ್ಕಿಗಳು ತಿಂದು ಅಂಟು ಅಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತವೆ, ಅಲ್ಲೇ ಬೇರು ಬಿಟ್ಟು ಮರದ ರಸ ಹೀರುತ್ತಾ ಬೆಳೆಯುತ್ತದೆ. ಜಾಸ್ತಿಯಾದರೆ ನೆಲ್ಲಿ ಕಾಯಿ ಬಿಡುವುದು ಕಡಿಮೆ ಮಾಡುತ್ತದೆ, ಕೊನೆಗೆ ಮರವೇ ಸಾಯುತ್ತದೆ. ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಾಯಿತು ಅಂತ ಸೋಲಿಗರು ಹೇಳುತ್ತಿದ್ದರು. ನೆಲ್ಲಿಕಾಯಿ ಕಡಿಮೆಯಾಗಲು ಜನ ಕೀಳುವುದೇ ಕಾರಣ ಅಂತ ಹೊರಗಿನವರು ಅನ್ನುತ್ತಿದ್ದಾಗ, ಮರ ಹತ್ತುವವರು ಕೊಂಬೆ ನೋಡಿ ಹೇಳಿದ ಮಾತು ಇದು. ಆಮೇಲೆ ಸಂಶೋಧಕರು ಇದನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದರು. ಸೋಲಿಗರ ತಿಳಿವಳಿಕೆ ಮತ್ತು ಕಾಡಿನ ವಿಜ್ಞಾನ ಜೊತೆಯಾಗಿ ಕೂತ ಒಳ್ಳೆಯ ಉದಾಹರಣೆ ಅಂತ ಅದನ್ನು ಈಗಲೂ ನೆನೆಯುತ್ತಾರೆ.

ಹಾಗಾದರೆ ತರಗು ಬೆಂಕಿ ನಿಂತದ್ದು ಹೇಗೆ?

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮ ಆಯಿತು. ಕಾಡಿನಲ್ಲಿ ಜಾಗ ಬದಲಿಸುತ್ತಾ ರಾಗಿ, ನವಣೆ, ಸಾಮೆ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದ ಸೋಲಿಗರನ್ನು ಒಂದೇ ಕಡೆಯ ಪೋಡುಗಳಲ್ಲಿ ನೆಲೆ ನಿಲ್ಲಿಸಿದರು. ವನ್ಯಧಾಮದೊಳಗೆ ಬೆಂಕಿ ಹಚ್ಚುವುದು ಆ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಪರಾಧ. ತಾತ ಮುತ್ತಾತನ ಕಾಲದಿಂದ ಜನವರಿಯಲ್ಲಿ ಮಾಡುತ್ತಿದ್ದ ಕೆಲಸ ಅಲ್ಲಿಂದ ಮುಂದೆ ಕೇಸು ಬೀಳುವ ಕೆಲಸ ಆಯಿತು. ಬೇಟೆ ಹೇಗೂ ನಿಂತಿತ್ತು. 2000ದ ದಶಕದ ನಡುವಿನಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ತಂದು ಲ್ಯಾಂಪ್ಸ್ ಅನ್ನುವ ಆದಿವಾಸಿಗಳ ಸಹಕಾರ ಸೊಸೈಟಿಗೆ ಮಾರುವುದಕ್ಕೂ ತಡೆ ಬಂತು.

ಇದೇ ವರ್ಷಗಳಲ್ಲಿ ಲಂಟಾನ ಕಾಡನ್ನು ತುಂಬಿಕೊಂಡಿತು. ಬ್ರಿಟಿಷರು 19ನೇ ಶತಮಾನದ ಶುರುವಿನಲ್ಲಿ ಚೆಂದದ ಹೂವಿನ ಗಿಡ ಅಂತ ತಂದದ್ದು, ಅಮೆರಿಕ ಖಂಡದ ಗಿಡ. ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರು 1997ರಲ್ಲಿ ನೋಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಇರುವ ಜಾಗಗಳು ಹೆಚ್ಚು ಕಡಿಮೆ ಎರಡು ಪಟ್ಟಾಗಿದ್ದವು. ಹನ್ನೊಂದೇ ವರ್ಷದಲ್ಲಿ. ಲಂಟಾನ ಎಳೆಯ ಸಸಿಯಾಗಿದ್ದಾಗ ತರಗು ಬೆಂಕಿಗೆ ಸಾಯುತ್ತಿತ್ತು, ಬೆಂಕಿ ನಿಂತದ್ದಕ್ಕೇ ಅದು ಹಬ್ಬಿತು ಅನ್ನುವುದು ಸೋಲಿಗರ ವಾದ. ಬೆಂಕಿ ಬಿದ್ದರೆ ಲಂಟಾನ ಇನ್ನೂ ಹಬ್ಬುತ್ತದೆ ಅಂತ ಹೇಳುವ ವಿಜ್ಞಾನಿಗಳೂ ಇದ್ದಾರೆ. ನನಗೆ ಅನ್ನಿಸುವುದು, ಇಬ್ಬರೂ ಒಂದೇ ಬೆಂಕಿಯ ಬಗ್ಗೆ ಮಾತಾಡುತ್ತಿಲ್ಲ. ಲಂಟಾನ ಅಲ್ಲೊಂದು ಇಲ್ಲೊಂದು ಇದ್ದ ಕಾಡಿನಲ್ಲಿ ಜನವರಿಯ ಸಣ್ಣ ಬೆಂಕಿ ಮಾಡುವ ಕೆಲಸವೇ ಬೇರೆ. ಆಳೆತ್ತರಕ್ಕೆ ಮೀರಿ ಲಂಟಾನ ಮೆಳೆ ಕಟ್ಟಿಕೊಂಡ ಕಾಡಿಗೆ ಏಪ್ರಿಲ್‌ನಲ್ಲಿ ಬಿದ್ದ ಬೆಂಕಿ ಮಾಡುವ ಅನಾಹುತವೇ ಬೇರೆ. ಆ ಮೆಳೆ ಒಣಗಿದಾಗ ಬೆಂಕಿಗೆ ಏಣಿ ಹಾಕಿಕೊಟ್ಟ ಹಾಗೆ, ನೆಲದಲ್ಲಿದ್ದದ್ದು ಸೀದಾ ಮರದ ತಲೆಗೆ ಹತ್ತುತ್ತದೆ. ಮರವೂ ಹೋಗುತ್ತದೆ, ಗೂಡಿನಲ್ಲಿದ್ದ ಮರಿಯೂ ಹೋಗುತ್ತದೆ, ಮಣ್ಣಿನೊಳಗಿನ ಬೀಜವೂ ಹೋಗುತ್ತದೆ.

2019ರ ಫೆಬ್ರವರಿ ನೆನಪಿರಬೇಕು. ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಕೆಲವೇ ದಿನಗಳಲ್ಲಿ ಸುಟ್ಟುಹೋಯಿತು. ಊರೂರಿಂದ ಹುಡುಗರು ಹೋಗಿ ಬೆಂಕಿ ಆರಿಸಿದರು, ಹೆಲಿಕಾಪ್ಟರ್‌ನಿಂದ ನೀರು ಸುರಿದರು. ಆ ಗಲಾಟೆಯಲ್ಲಿ ಇನ್ನೊಂದು ಸುದ್ದಿ ಬಹಳ ಜನರ ಕಣ್ಣಿಗೆ ಬೀಳಲೇ ಇಲ್ಲ. ಅದೇ ತಿಂಗಳ 13ರಂದು ಸುಪ್ರೀಂ ಕೋರ್ಟ್, ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರ ಆದವರನ್ನು ಕಾಡಿನಿಂದ ತೆರವು ಮಾಡಲು ಆದೇಶ ಕೊಟ್ಟಿತ್ತು. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ತಾಗುವ ಆದೇಶ. 28ರಂದು ಕೋರ್ಟೇ ಅದನ್ನು ತಡೆಹಿಡಿಯಿತು. ಆ ಎರಡು ವಾರ ಕಾಡಂಚಿನ ಹಾಡಿ, ಪೋಡುಗಳಲ್ಲಿ ಜನ ನಿದ್ದೆ ಮಾಡಿಲ್ಲ. ಒಂದು ಕಡೆ ಕಾಡು ಉರಿಯುತ್ತಿದೆ, ಇನ್ನೊಂದು ಕಡೆ ಅದೇ ಕಾಡಿನ ಬೆಂಕಿಯ ಗುಣ ಗೊತ್ತಿದ್ದವರನ್ನು ಆಚೆ ಹಾಕುವ ಮಾತು ನಡೆಯುತ್ತಿದೆ. ಇದನ್ನು ನಾನು ಇವತ್ತಿಗೂ ಮರೆತಿಲ್ಲ.

ಹವಾಮಾನದ ಲೆಕ್ಕ ಇದಕ್ಕೆ ಹೇಗೆ ಸೇರುತ್ತದೆ ಅಂತ ಕೆಲವರು ಕೇಳುತ್ತಾರೆ. ಬೇಸಿಗೆ ಬಿಸಿ ಏರುತ್ತಿದೆ, ಮಳೆ ಬಂದರೆ ಒಮ್ಮೆಗೇ ಸುರಿಯುತ್ತದೆ, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅಂಥ ವರ್ಷದ ಮುಂದಿನ ಬೇಸಿಗೆಯಲ್ಲಿ ಕಾಡಿನ ನೆಲದ ಮೇಲೆ ಎಷ್ಟು ವರ್ಷದ ತರಗು, ಎಷ್ಟು ಒಣ ಲಂಟಾನ ಬಿದ್ದಿದೆ ಅನ್ನುವುದೇ ಕಾಡು ಉಳಿಯುತ್ತದೋ ಇಲ್ಲವೋ ಅಂತ ತೀರ್ಮಾನ ಮಾಡುತ್ತದೆ. ಬಿಸಿಲನ್ನು ನಾವು ಇಲ್ಲಿ ಕೂತು ಕಡಿಮೆ ಮಾಡಲಾಗುವುದಿಲ್ಲ, ಉರುವಲನ್ನು ಕಡಿಮೆ ಮಾಡಬಹುದು. ಸೋಲಿಗರು ಮಾಡುತ್ತಿದ್ದದ್ದು ಅದೇ. ಮರ ಸುಟ್ಟರೆ ಅದರೊಳಗಿನ ಇಂಗಾಲ ಹೊಗೆಯಾಗಿ ಹೋಗುತ್ತದೆ, ತರಗು ಸುಟ್ಟರೆ ಮುಂದಿನ ವರ್ಷ ಮತ್ತೆ ಎಲೆ ಬರುತ್ತದೆ. ಕಾಡಿನಲ್ಲಿ ಇಂಗಾಲ ಹಿಡಿದಿಡಬೇಕು ಅಂತ ಲಕ್ಷಾಂತರ ಸಸಿ ನೆಡುತ್ತೇವೆ, ಇರುವ ದೊಡ್ಡ ಮರಗಳನ್ನು ಕಾಯುವ ಈ ಉಪಾಯವನ್ನು ಮಾತ್ರ ಮುಟ್ಟುವುದಿಲ್ಲ.

ಬೇರೆ ದೇಶದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನೆಮ್ ಲ್ಯಾಂಡ್‌ನಲ್ಲಿ. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷ ಒಣಗಾಲದ ಶುರುವಿನಲ್ಲೇ ಸಣ್ಣ ಸಣ್ಣ ಬೆಂಕಿ ಇಟ್ಟು ಹುಲ್ಲುಗಾಡನ್ನು ನೋಡಿಕೊಳ್ಳುತ್ತಿದ್ದರು. 20ನೇ ಶತಮಾನದಲ್ಲಿ ಜನ ಕ್ರೈಸ್ತ ಮಿಷನ್‌ಗಳಿಗೆ, ಪಟ್ಟಣಗಳಿಗೆ ಸೇರಿಕೊಂಡ ಮೇಲೆ ಆ ನಾಡು ಖಾಲಿಯಾಯಿತು, ಒಣಗಾಲದ ಕೊನೆಯಲ್ಲಿ ದೊಡ್ಡ ಬೆಂಕಿ ಬೀಳಲು ಶುರುವಾಯಿತು. ಬರ್ದಾಯಲ್ ಲಾಫ್ಟಿ ನಜಾಮೆರೆಕ್ ಅನ್ನುವ ಹಿರಿಯರು, ದೊಡ್ಡ ಚಿತ್ರಕಾರರೂ ಹೌದು, ತಮ್ಮ ಜನರನ್ನು ಕರೆದುಕೊಂಡು ಆ ಕಲ್ಲುಬೆಟ್ಟದ ಸೀಮೆಗೆ ವಾಪಸ್ ಹೋದರು. ವಿಜ್ಞಾನಿಗಳು ಅವರ ಜೊತೆ ಕೂತರು. 2006ರಲ್ಲಿ ಒಂದು ದೊಡ್ಡ ಗ್ಯಾಸ್ ಕಂಪನಿ ಜೊತೆ ಒಪ್ಪಂದ ಆಯಿತು. ಸುಮಾರು 28,000 ಚದರ ಕಿಲೋಮೀಟರ್ ಜಾಗದಲ್ಲಿ ಮೂಲನಿವಾಸಿ ರೇಂಜರ್‌ಗಳು ಹಳೇ ಪದ್ಧತಿಯಂತೆ ಮುಂಚೆಯೇ ಬೆಂಕಿ ಇಡಬೇಕು, ವರ್ಷಕ್ಕೆ ಸುಮಾರು ಒಂದು ಲಕ್ಷ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆ ಕಡಿಮೆ ಮಾಡಬೇಕು, ಅದಕ್ಕೆ ಕಂಪನಿ 17 ವರ್ಷ, ವರ್ಷಕ್ಕೆ ಸುಮಾರು ಹತ್ತು ಲಕ್ಷ ಆಸ್ಟ್ರೇಲಿಯಾ ಡಾಲರ್ ಕೊಡಬೇಕು.

ಅಲ್ಲಿ ಬೆಂಕಿ ಇಡುವುದು ಈಗ ಸಂಬಳದ ಕೆಲಸ. ಯುವಕರು ಹಿರಿಯರ ಜೊತೆ ಕಾಡಿಗೆ ಹೋಗುತ್ತಾರೆ. ಕಲ್ಲುಬೆಟ್ಟದ ಮೇಲೆ ಹೆಲಿಕಾಪ್ಟರ್‌ನಿಂದಲೂ ಬೆಂಕಿ ಇಡುತ್ತಾರೆ, ಉಪಗ್ರಹದ ಚಿತ್ರ ನೋಡಿಕೊಂಡು ಎಲ್ಲಿ ಸುಟ್ಟಿದೆ ಎಲ್ಲಿ ಇಲ್ಲ ಅಂತ ಲೆಕ್ಕ ಇಡುತ್ತಾರೆ. ಹಳೇ ತಿಳಿವಳಿಕೆ ಅಂದರೆ ಹಳೇ ಕಾಲಕ್ಕೇ ಅಂಟಿಕೊಂಡಿರಬೇಕು ಅಂತ ಅವರೇನೂ ಅಂದುಕೊಂಡಿಲ್ಲ. ನಮ್ಮ ಕಾಡು ಆ ಥರದ ಹುಲ್ಲುಗಾಡಲ್ಲ, ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ತರಲು ಆಗುವುದಿಲ್ಲ. ನಾನು ಹೇಳುತ್ತಿರುವುದು ಅಲ್ಲಿನ ಸರ್ಕಾರ, ವಿಜ್ಞಾನಿಗಳು, ಕಂಪನಿ ಎಲ್ಲರೂ ಒಪ್ಪಿಕೊಂಡ ಒಂದು ವಿಷಯ: ಬೆಂಕಿ ಎಲ್ಲಿ ಯಾವಾಗ ಇಡಬೇಕು ಅಂತ ತೀರ್ಮಾನ ಮಾಡುವವರು ಆ ನೆಲದವರು.

ನಮ್ಮಲ್ಲಿ ಏನಾಗುತ್ತಿದೆ ನೋಡಿ. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಸೋಲಿಗರನ್ನು ಫೈರ್ ವಾಚರ್ ಅಂತ ದಿನಗೂಲಿಗೆ ತೆಗೆದುಕೊಳ್ಳುತ್ತದೆ. ಹಸಿ ಸೊಪ್ಪು ಹಿಡಿದು ಬೆಂಕಿಯನ್ನು ಬಡಿದು ಆರಿಸುವ ಕೆಲಸ. ಜೀವಕ್ಕೆ ಅಪಾಯದ ಕೆಲಸ, ಅದನ್ನು ಅವರು ನಿಯತ್ತಾಗಿ ಮಾಡುತ್ತಾರೆ. ಇಲಾಖೆಯ ಕೆಳಗಿನ ಸಿಬ್ಬಂದಿಯೂ ಅಷ್ಟೇ ಕಷ್ಟಪಡುತ್ತಾರೆ, ಅವರ ಮೇಲೆ ನನಗೆ ಗೌರವ ಇದೆ. ಆದರೆ ಬೆಂಕಿ ರೇಖೆಯನ್ನು, ಅಂದರೆ ಬೆಂಕಿ ದಾಟದ ಹಾಗೆ ಬೋಳು ಮಾಡುವ ಪಟ್ಟಿಯನ್ನು, ಎಲ್ಲಿ ಎಳೆಯಬೇಕು, ಯಾವ ತಿಂಗಳಲ್ಲಿ ಸುಡಬೇಕು ಅನ್ನುವ ತೀರ್ಮಾನದಲ್ಲಿ ಅದೇ ಸೋಲಿಗನ ಮಾತಿಗೆ ಜಾಗ ಇಲ್ಲ.

ಹಕ್ಕು ಇಲ್ಲವಾ ಅಂದರೆ, ಇದೆ. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದಾಗ ಎಲ್ಲರನ್ನೂ ಎತ್ತಂಗಡಿ ಮಾಡುತ್ತಾರೆ ಅಂತ ಪೋಡುಗಳಲ್ಲಿ ಭಯ ಹುಟ್ಟಿತ್ತು. ಸೋಲಿಗರ ಸಂಘ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಅಡಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ಜೇನು, ನೆಲ್ಲಿ ಸಂಗ್ರಹಿಸಬಹುದು, ದೇವರ ಜಾಗಗಳಿಗೆ ಹೋಗಬಹುದು, ಕಾಡನ್ನು ಕಾಯಬಹುದು, ನಿರ್ವಹಿಸಬಹುದು ಅಂತ ಕಾನೂನು ಹೇಳುತ್ತದೆ. ಬೆಟ್ಟದ ದೇವರು ರಂಗಪ್ಪ ಸೋಲಿಗರಿಗೆ ಭಾವ, ಅವರ ಹೆಣ್ಣು ಕುಸುಮಾಲೆಯನ್ನು ಕಟ್ಟಿಕೊಂಡವನು. ಭಾವನ ಬೆಟ್ಟದಲ್ಲಿ ಓಡಾಡಲು ಕಾಗದ ಬೇಕಾಯಿತಲ್ಲ ಅಂತ ಹಿರಿಯರು ನೋವಿನಿಂದ ಹೇಳುತ್ತಾರೆ, ಆದರೂ ಆ ಕಾಗದ ಸಿಕ್ಕಿದ್ದು ದೊಡ್ಡ ಗೆಲುವೇ. ಬೆಂಕಿ ಮಾತ್ರ ಇನ್ನೂ ಕಾಗದದ ಹೊರಗೇ ಉಳಿದಿದೆ. ಕಾಡನ್ನು ನಿರ್ವಹಿಸುವ ಹಕ್ಕು ಕೊಟ್ಟ ಮೇಲೆ ನಿರ್ವಹಣೆಯ ಅತಿ ಮುಖ್ಯ ಸಾಧನವನ್ನೇ ಕೊಡದಿದ್ದರೆ ಅದು ಅರ್ಧ ಹಕ್ಕು ಅಂತ ನನ್ನ ಅಭಿಪ್ರಾಯ.

ಈಚೆಗೆ ಎಲ್ಲಾ ಕಡೆ ಪಾರಂಪರಿಕ ಜ್ಞಾನ ಅನ್ನುವ ಮಾತು ಜಾಸ್ತಿ ಆಗಿದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2022ರ ವರದಿಯಲ್ಲೂ ಅದಕ್ಕೆ ಒಳ್ಳೆಯ ಜಾಗ ಸಿಕ್ಕಿದೆ. 2021ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಸಮಾವೇಶದಲ್ಲಿ ಆದಿವಾಸಿಗಳ ಭೂಮಿ ಹಕ್ಕಿಗೆ ಅಂತ ಕೆಲವು ದೇಶಗಳು, ದತ್ತಿ ಸಂಸ್ಥೆಗಳು ಸೇರಿ 170 ಕೋಟಿ ಡಾಲರ್ ಕೊಡುತ್ತೇವೆ ಅಂದವು. ಸಂತೋಷವೇ. ಆದರೆ ನಮ್ಮಲ್ಲಿ ಈ ಜ್ಞಾನ ಅಂದರೆ ದಾಖಲು ಮಾಡುವುದು ಅಂತಲೇ ಅರ್ಥ ಆಗಿಬಿಟ್ಟಿದೆ. ರೆಕಾರ್ಡರ್ ಹಿಡಿದು ಬರುತ್ತಾರೆ, ಗಿಡದ ಹೆಸರು ಕೇಳುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಹೆಸರು ಬರೆದಿಡಬಹುದು. ತರಗು ಮುರಿದು ತೇವ ನೋಡುವ ಕೈ ಬರೆದಿಡಲು ಆಗುವುದಿಲ್ಲ ಅಲ್ವಾ? ಅದು ಪ್ರತಿ ಜನವರಿ ಮಾಡಿದರೆ ಮಾತ್ರ ಉಳಿಯುತ್ತದೆ. 1974ರಲ್ಲಿ ಅಪ್ಪನ ಹಿಂದೆ ಕಾಡಿಗೆ ಹೋಗಿ ಬೆಂಕಿ ಇಡುವುದನ್ನು ನೋಡಿದ ಹದಿನೈದು ವರ್ಷದ ಹುಡುಗನಿಗೆ ಈಗ ಅರವತ್ತೈದು ದಾಟಿದೆ. ಅವನ ಮೊಮ್ಮಗ ಬೆಂಕಿ ಆರಿಸುವುದನ್ನು ಮಾತ್ರ ನೋಡಿದ್ದಾನೆ.

ಉಳಿದ ತಿಳಿವಳಿಕೆಗಳು ಇನ್ನೂ ಕೈಯಲ್ಲಿವೆ, ಯಾಕೆಂದರೆ ಅವನ್ನು ಮಾಡಲು ಯಾರ ಅಪ್ಪಣೆಯೂ ಅಷ್ಟಾಗಿ ಬೇಕಿಲ್ಲ. ಗೆಣಸು ಅಗೆದ ಮೇಲೆ ಬಳ್ಳಿಯ ತಲೆಯನ್ನು ಮತ್ತೆ ಗುಳಿಯಲ್ಲಿಟ್ಟು ಮಣ್ಣು ಮುಚ್ಚುತ್ತಾರೆ. ಹೆಜ್ಜೇನು ಕೀಳುವಾಗ ಪೂರ್ತಿ ಕೊಯ್ಯದೆ ಹುಳಕ್ಕೆ ಒಂದು ಪಾಲು ಬಿಡುತ್ತಾರೆ. ಹೊಲದಲ್ಲಿ ರಾಗಿ ಜೊತೆ ನಾಲ್ಕಾರು ಬೀಜ ಸೇರಿಸಿ ಚೆಲ್ಲುತ್ತಾರೆ, ಮಳೆ ಒಂದಕ್ಕೆ ಕೈ ಕೊಟ್ಟರೂ ಇನ್ನೊಂದು ಬರುತ್ತದೆ. ಬರಗಾಲಕ್ಕೆ ಇದಕ್ಕಿಂತ ಒಳ್ಳೆಯ ವಿಮೆ ನಾನು ನೋಡಿಲ್ಲ. ಪೋಡುಗಳಲ್ಲಿ ಈಗ ನೆರಳಿನ ಕೆಳಗೆ ಕಾಫಿಯೂ ಬಂದಿದೆ, ಹಾಗಾಗಿ ರಾಗಿ ಬೆಳೆಯುವುದು ಕಡಿಮೆಯಾಗುತ್ತಿದೆ, ಅದು ಬೇರೆಯೇ ಚರ್ಚೆ.

ಮತ್ತೆ ಬೆಂಕಿಗೆ ಬರುತ್ತೇನೆ. ನಾಳೆಯೇ ಎಲ್ಲಾ ಕಡೆ ತರಗು ಬೆಂಕಿ ಇಡಿ ಅಂತ ನಾನು ಹೇಳುತ್ತಿಲ್ಲ. ಇಷ್ಟು ವರ್ಷ ಬಿಟ್ಟ ಕಾಡು, ಮೆಳೆ ಕಟ್ಟಿದ ಲಂಟಾನ, ಹಾಗೇ ಹಚ್ಚಿದರೆ ಸರ್ವನಾಶ. ಇದನ್ನು ಸೋಲಿಗರೇ ಎಲ್ಲರಿಗಿಂತ ಮೊದಲು ಹೇಳುತ್ತಾರೆ. ಮೊದಲು ಲಂಟಾನ ಕೀಳಬೇಕು, ಬೇರು ಸಮೇತ, ಕೈಯಿಂದ. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕಡ್ಡಿಯಿಂದ ಕುರ್ಚಿ, ಮೇಜು, ಬುಟ್ಟಿ ಮಾಡುವ ಸೋಲಿಗ ಕಸುಬುದಾರರಿದ್ದಾರೆ. ನೀಲಗಿರಿ ಸೀಮೆಯ ಆದಿವಾಸಿಗಳು ಲಂಟಾನದಿಂದಲೇ ಮಾಡಿದ, ನಿಜವಾದ ಆನೆಯಷ್ಟೇ ದೊಡ್ಡ ಆನೆಗಳು 2021ರಲ್ಲಿ ಲಂಡನ್ ಪಾರ್ಕುಗಳಲ್ಲಿ ನಿಂತಿದ್ದವು. ಒಳ್ಳೆಯ ಕೆಲಸ, ನಾಲ್ಕು ಕಾಸು ಬರುತ್ತದೆ, ಆದರೆ ಕಾಡಿನಲ್ಲಿರುವ ಲಂಟಾನಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ನರೇಗಾ ಥರದ ದೊಡ್ಡ ದುಡ್ಡು, ದೊಡ್ಡ ಸಂಖ್ಯೆಯ ಆಳು ಬೇಕು.

ನಾನು ಕೇಳುವುದು ಚಿಕ್ಕದು. ಹಕ್ಕುಪತ್ರ ಸಿಕ್ಕಿರುವ 25 ಗ್ರಾಮಸಭೆಗಳಲ್ಲಿ ಮನಸ್ಸಿರುವ ಒಂದು ಪೋಡು, ಅದರ ಸುತ್ತಲಿನ ಎಲೆ ಉದುರುವ ಕಾಡಿನಲ್ಲಿ ಒಂದು ತುಂಡು. ಮೊದಲು ಅಲ್ಲಿ ಕೂಲಿ ಕೊಟ್ಟು ಲಂಟಾನ ಕೀಳಿಸಿ. ಮರುವರ್ಷ ಜನವರಿಯಲ್ಲಿ ಹಿರಿಯರು ತೋರಿಸಿದ ಕಡೆ, ಅವರು ಹೇಳಿದ ದಿನ ಬೆಂಕಿ ಇಡಲಿ. ಇಲಾಖೆಯವರು ಪಕ್ಕದಲ್ಲಿ ನಿಲ್ಲಲಿ, ಏಟ್ರೀಯವರು ಎಣಿಸಲಿ. ಎಷ್ಟು ಸಸಿ ಬಂತು, ಉಪ್ಪಿಲು ಎಷ್ಟಾಯಿತು, ಹುಲ್ಲು ಬಂತಾ, ಕಾಟಿ ಬಂತಾ, ಲಂಟಾನ ಮತ್ತೆ ಎದ್ದಿತಾ ಅಂತ ಐದಾರು ವರ್ಷ ನೋಡಲಿ. ಸೋಲಿಗರ ಮಾತು ತಪ್ಪಾಗಿದ್ದರೆ ಅದೂ ಗೊತ್ತಾಗುತ್ತದೆ. ಪೋಡಿನ ಹುಡುಗರು ಹುಡುಗಿಯರು ಹಿರಿಯರ ಜೊತೆ ಇರಲಿ, ಫೈರ್ ವಾಚರ್‌ಗೆ ಕೊಡುವ ಕೂಲಿಯನ್ನೇ ಅವರಿಗೂ ಕೊಡಲಿ. ಇದಕ್ಕೆ ಕಾನೂನಿನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಮಟ್ಟದಲ್ಲಿ ದಾರಿ ಹುಡುಕಬೇಕು, ಗ್ರಾಮಸಭೆಯ ನಿರ್ಣಯ ಬೇಕು, ಜಿಲ್ಲಾ ಸಮಿತಿಯಲ್ಲಿ ಯಾರಾದರೂ ಫೈಲು ಮುಂದೆ ತಳ್ಳಬೇಕು. ಚಾಮರಾಜನಗರ, ಯಳಂದೂರು, ಕೊಳ್ಳೇಗಾಲದಲ್ಲಿ ಈ ಕಚೇರಿಗಳಲ್ಲಿ ಕೆಲಸ ಮಾಡುವವರು, ವಕೀಲರು, ಅರಣ್ಯಶಾಸ್ತ್ರ ಓದುವ ಮಕ್ಕಳು ಇದನ್ನು ಓದುತ್ತಿದ್ದರೆ ದಯವಿಟ್ಟು ಒಮ್ಮೆ ಪೋಡಿಗೆ ಹೋಗಿ ಹಿರಿಯರ ಜೊತೆ ಮಾತಾಡಿ. ಡಿಸೆಂಬರ್ ಒಳಗೆ ಹೋದರೆ ಒಳ್ಳೆಯದು, ತರಗು ಬೀಳುವ ಮೊದಲು.